ಮನಸ್ಸಿನ ಮಾತ್ರೆಗೆ ಹೊಟ್ಟೆ ಏಕೆ ತೊಳಸುತ್ತದೆ?

ಪ್ರಶ್ನೆ (ಡೊಂಬಿವಲಿಯಿಂದ)

ನಮಸ್ಕಾರ. ನನ್ನ ತಾಯಿಗೆ 67 ವರ್ಷ. ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಡೊಂಬಿವಲಿಯಲ್ಲಿ ನಮ್ಮೊಂದಿಗೆ ಇದ್ದಾರೆ. ಆರು ತಿಂಗಳಿಂದ ಅವರಿಗೆ ಯಾವುದರಲ್ಲಿಯೂ ಆಸಕ್ತಿ ಉಳಿದಿರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗಿ ಗೋಡೆಗೆ ಒರಗಿ ಕುಳಿತಿರುತ್ತಿದ್ದರು. ಮನೋವೈದ್ಯರು ಎಸಿಟಾಲೊಪ್ರಾಮ್ ಎಂಬ ಮಾತ್ರೆಯನ್ನು ಬರೆದುಕೊಟ್ಟು ಇಂದಿಗೆ ಒಂಬತ್ತು ದಿನಗಳಾದವು. ಮನಸ್ಸಿಗೆ ಏನೂ ಹಿತವೆನಿಸಿಲ್ಲ, ಆದರೆ ಹೊಟ್ಟೆ ತೊಳಸುತ್ತದೆ, ಊಟ ಸೇರುತ್ತಿಲ್ಲ. ಇದು ನಿದ್ದೆಯ ಗುಳಿಗೆ, ಒಮ್ಮೆ ಹಿಡಿದರೆ ಬಿಡದು, ನಿಲ್ಲಿಸಿಬಿಡಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಅಮ್ಮ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಒಂದು ಮಾತ್ರೆಯನ್ನೂ, ಹೃದಯಕ್ಕೆಂದು ಸಣ್ಣ ಪ್ರಮಾಣದ ಆಸ್ಪಿರಿನ್ನನ್ನೂ ಸೇವಿಸುತ್ತಾರೆ. ಮೆದುಳಿಗೆ ಕೊಟ್ಟ ಔಷಧ ಹೊಟ್ಟೆಯನ್ನು ಕೆಡಿಸುವುದೇಕೆ, ಗುಣ ಕಾಣಲು ವಾರಗಳು ಬೇಕಾಗುವುದೇಕೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಪುಣೆ, ಔಷಧದ ಅಂಗಡಿ ನಡೆಸುವವರು)

ಅಕ್ಕ, ಮೊದಲನೆಯದಾಗಿ ಇದು ನಿದ್ದೆಯ ಗುಳಿಗೆಯಲ್ಲ, ಖಿನ್ನತೆಗೆ ಕೊಡುವ ಔಷಧ; ಸೆರೊಟೋನಿನ್‌ನ ಮೂಲಕ ಕೆಲಸ ಮಾಡುತ್ತದೆ. ಸೆರೊಟೋನಿನ್ ಎಂಬ ರಾಸಾಯನಿಕವು ಮೆದುಳಿನದು ಮಾತ್ರ ಎಂದು ಬಹಳ ಜನ ಭಾವಿಸುತ್ತಾರೆ. ದೇಹದಲ್ಲಿರುವ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಜೀರ್ಣಾಂಗದಲ್ಲಿ. ಕರುಳಿನ ಒಳಪದರದ ಕೆಲವು ಜೀವಕೋಶಗಳು ಅದನ್ನು ತಯಾರಿಸುತ್ತವೆ, ಅದರಿಂದ ಕರುಳಿನ ಚಲನೆ ನಡೆಯುತ್ತದೆ. ಜೀವಕೋಶಗಳ ಮೇಲಿದ್ದು ಅದನ್ನು ಗುರುತಿಸುವ ಗ್ರಾಹಕಗಳಲ್ಲಿ (ರಿಸೆಪ್ಟರ್) ಏಳು ಕುಟುಂಬಗಳಿವೆ. ಅವುಗಳಲ್ಲಿ ಮೂರನೆಯದು ಕರುಳಿನಿಂದ ಮೆದುಳಿಗೆ ಹೋಗುವ ನರದ ತುದಿಗಳಲ್ಲಿದ್ದು, ಪ್ರಚೋದನೆಗೊಂಡಾಗ ವಾಕರಿಕೆ ತರುತ್ತದೆ. ಮಾತ್ರೆಯು ಮೆದುಳು, ಕರುಳು ಎಂದು ಭೇದ ಮಾಡುವುದಿಲ್ಲವಾದ್ದರಿಂದ ಮೊದಲ ದಿನಗಳ ತೊಂದರೆ ಹೊಟ್ಟೆಯಲ್ಲಿ ಕಾಣಿಸುತ್ತದೆ. ಹೆಚ್ಚಿನವರಿಗೆ ಒಂದೆರಡು ವಾರಗಳಲ್ಲಿ ಇದು ತಗ್ಗುತ್ತದೆ. ಬರಿಹೊಟ್ಟೆಯಲ್ಲಿ ಕೊಡದೆ, ಸ್ವಲ್ಪ ಗಂಜಿಯಾದರೂ ಉಣ್ಣಿಸಿ ಕೊಟ್ಟು ನೋಡಿ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಇದೇ ಮೂರನೆಯ ಗ್ರಾಹಕವನ್ನು ತಡೆಯುತ್ತದೆ ನಿಜ, ಆದರೆ ಅದೂ ಎಸಿಟಾಲೊಪ್ರಾಮ್ ಕೂಡ ಹೃದಯದ ವಿದ್ಯುತ್ ಲಯವನ್ನು ಏರುಪೇರು ಮಾಡಬಲ್ಲವು. ವೈದ್ಯರನ್ನು ಕೇಳದೆ ಎರಡನ್ನೂ ಜೊತೆಯಾಗಿ ಕೊಡಬೇಡಿ. ಅಮ್ಮನವರಲ್ಲಿ ಸೆರೊಟೋನಿನ್ ಕಡಿಮೆಯಾಗಿದೆ, ಅದು ತುಂಬುವವರೆಗೆ ಕಾಯಬೇಕು.

ಉತ್ತರ 2 (ಮಾಟುಂಗಾ, ನಿವೃತ್ತ ವೈದ್ಯರು)

ಹೊಟ್ಟೆಯ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಅವರ ಕೊನೆಯ ವಾಕ್ಯವನ್ನು ಮಾತ್ರ ನಾನು ತಿದ್ದಬೇಕಾಗಿದೆ. ಖಿನ್ನತೆಯೆಂದರೆ ಸೆರೊಟೋನಿನ್‌ನ ಕೊರತೆ ಎಂಬ ಸರಳ ವಿವರಣೆಗೆ ಗಟ್ಟಿಯಾದ ಪುರಾವೆ ದೊರೆತಿಲ್ಲ. ಆ ಊಹೆಯ ಹಿಂದೆ ನಮ್ಮ ಮುಂಬಯಿಯ ಒಂದು ಎಳೆಯೂ ಇದೆ. ಇಲ್ಲಿನ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು 1949ರಲ್ಲಿ ಬ್ರಿಟಿಷ್ ಹೃದಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಆ ಬೇರಿನತ್ತ ಹರಿಯಿತು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಸೇವಿಸಿದ ಕೆಲವರು ಖಿನ್ನರಾದರು. ಅದು ದೇಹದ ಸೆರೊಟೋನಿನ್ ಸಂಗ್ರಹವನ್ನು ಬರಿದುಮಾಡುತ್ತದೆ ಎಂದು 1955ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆದರೆ ರೆಸರ್ಪಿನ್ ಬೇರೆ ಕೆಲವು ರಾಸಾಯನಿಕಗಳನ್ನೂ ಬರಿದುಮಾಡುತ್ತದೆ, ಸೇವಿಸಿದವರೆಲ್ಲ ಖಿನ್ನರಾಗಲೂ ಇಲ್ಲ.

ಕೊರತೆ ತುಂಬುವುದೇ ಕೆಲಸವಾಗಿದ್ದರೆ ಎರಡನೆಯ ದಿನವೇ ಗುಣ ಕಾಣಬೇಕಿತ್ತು. ಏಕೆಂದರೆ ನರಕೋಶಗಳು ಬಿಟ್ಟ ಸೆರೊಟೋನಿನ್ನನ್ನು ಮರಳಿ ಒಳಗೆಳೆಯುವ ದ್ವಾರವನ್ನು ಈ ಮಾತ್ರೆ ಕೆಲವೇ ಗಂಟೆಗಳಲ್ಲಿ ಮುಚ್ಚುತ್ತದೆ. ನಮ್ಮ ಕಟ್ಟಡಗಳ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಹೊರಹೋಗುವ ಕೊಳವೆಯನ್ನು ಮುಚ್ಚಿದರೆ ಮಟ್ಟ ಏರುತ್ತದೆ. ಒಡನೆಯೇ ತೇಲುವ ಚೆಂಡು ಮೇಲೆದ್ದು ಒಳಬರುವ ನೀರನ್ನೂ ತಡೆಯುತ್ತದೆ. ಸೆರೊಟೋನಿನ್ ಸ್ರವಿಸುವ ನರಕೋಶಗಳ ಮೇಲೆಯೇ ಇರುವ ಒಂದು ಬಗೆಯ ಗ್ರಾಹಕ ಆ ಚೆಂಡಿನ ಕೆಲಸ ಮಾಡುತ್ತದೆ. ಮಾತ್ರೆ ದಿನವೂ ಬೀಳುತ್ತಿದ್ದಂತೆ ಕೆಲವು ವಾರಗಳಲ್ಲಿ ಅದರ ಬಿಗಿ ಸಡಿಲುತ್ತದೆ, ಆಗ ಹರಿವು ನಿಜವಾಗಿ ಹೆಚ್ಚುತ್ತದೆ. ತಡಕ್ಕೆ ಇದೊಂದೇ ಕಾರಣವಲ್ಲ, ನರಕೋಶಗಳ ನಡುವಿನ ಸಂಪರ್ಕಗಳೂ ನಿಧಾನವಾಗಿ ಬದಲಾಗುತ್ತವೆ. ಒಂಬತ್ತನೆಯ ದಿನಕ್ಕೆ ತೀರ್ಪು ಕೊಡಬೇಡಿ. ನಾಲ್ಕರಿಂದ ಆರು ವಾರ ನೋಡಬೇಕು.

ನನಗೆ ಚಿಂತೆಯಾಗಿರುವುದು ನೀವು ಕೊನೆಗೆ ಬರೆದ ಎರಡು ಮಾತ್ರೆಗಳ ವಿಷಯದಲ್ಲಿ. ವಯಸ್ಸಾದವರಲ್ಲಿ ಎಸಿಟಾಲೊಪ್ರಾಮ್ ರಕ್ತದ ಸೋಡಿಯಂ ಅನ್ನು ಇಳಿಸಬಲ್ಲದು, ಮೂತ್ರ ಹೆಚ್ಚಿಸುವ ಮಾತ್ರೆ ಜೊತೆಗಿದ್ದರೆ ಅಪಾಯ ಹೆಚ್ಚು. ವಾಕರಿಕೆಯೂ ಸೋಡಿಯಂ ಇಳಿದುದರ ಲಕ್ಷಣವಾಗಿರಬಹುದು. ತಲೆನೋವು, ಗೊಂದಲ, ನಡೆಯುವಾಗ ಓಲಾಟ ಕಂಡರೆ ತಡಮಾಡಬೇಡಿ. ಇನ್ನು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಸೆರೊಟೋನಿನ್ನನ್ನು ಒಳಗೆಳೆದುಕೊಳ್ಳುವುದೂ ಅದೇ ದ್ವಾರದಿಂದ; ಮಾತ್ರೆ ಅದನ್ನು ಮುಚ್ಚಿದಾಗ ಹೆಪ್ಪುಗಟ್ಟುವ ಶಕ್ತಿ ತುಸು ತಗ್ಗುತ್ತದೆ. ಆಸ್ಪಿರಿನ್ ಸೇರಿದಾಗ ಹೊಟ್ಟೆಯೊಳಗೆ ರಕ್ತ ಒಸರುವ ಸಾಧ್ಯತೆ ಏರುತ್ತದೆ. ಮಲ ಕಪ್ಪಾದರೆ ಅಂದೇ ವೈದ್ಯರನ್ನು ಕಾಣಿ. ಮೂರೂ ಮಾತ್ರೆಗಳ ಹೆಸರನ್ನು ಒಂದೇ ಚೀಟಿಯಲ್ಲಿ ಬರೆದು ಮನೋವೈದ್ಯರಿಗೆ ತೋರಿಸಿ.

ಉತ್ತರ 3 (ಪಣಜಿ)

ನಾನು ಎರಡು ವರ್ಷ ಇದೇ ಗುಂಪಿನ ಪ್ಯಾರೊಕ್ಸೆಟಿನ್ ಎಂಬ ಮಾತ್ರೆ ಸೇವಿಸಿದವನು. ಗುಣವಾಯಿತೆಂದು ಒಂದು ದಿನ ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಮೂರನೆಯ ದಿನದಿಂದ ತಲೆಸುತ್ತು, ಕತ್ತು ತಿರುಗಿಸಿದರೆ ತಲೆಯೊಳಗೆ ವಿದ್ಯುತ್ ಹರಿದಂತಹ ಝುಮ್ಮೆನ್ನುವಿಕೆ, ಮಕ್ಕಳ ಮೇಲೆ ಕಾರಣವಿಲ್ಲದೆ ರೇಗಾಟ. ನನಗೆ ಮಾತ್ರೆಯ ಹಂಬಲವಾಗಲಿ, ದಿನೇದಿನೇ ಪ್ರಮಾಣ ಹೆಚ್ಚಿಸಬೇಕೆಂಬ ಆಸೆಯಾಗಲಿ ಇರಲಿಲ್ಲ. ಹಾಗಾಗಿ ಇದನ್ನು ಮದ್ಯದ ಚಟದ ಸಾಲಿಗೆ ಸೇರಿಸುವುದು ತಪ್ಪು. ಪ್ಯಾರೊಕ್ಸೆಟಿನ್ ದೇಹದಿಂದ ಬೇಗ ಇಳಿದುಹೋಗುವುದರಿಂದ ಹೀಗಾಗುತ್ತದೆ, ಅದೇ ಗುಂಪಿನ ಫ್ಲೂಯೊಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಅದನ್ನು ಬಿಡುವಾಗ ಈ ಕಾಟ ಕಡಿಮೆ ಎಂದು ವೈದ್ಯರು ಆಮೇಲೆ ತಿಳಿಸಿದರು. ಮತ್ತೆ ಆರಂಭಿಸಿ ನಾಲ್ಕು ತಿಂಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿದೆವು. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಶುಲ್ಕವಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ವೈದ್ಯರಿಗೆ ಚೀಟಿ ತೋರಿಸಿದೆವು. ಮಾತ್ರೆ ಮುಂದುವರಿಸಲು ಹೇಳಿ, ಸೋಡಿಯಂ ಪರೀಕ್ಷೆಗೆ ಬರೆದುಕೊಟ್ಟರು. ರಕ್ತ ಕೊಟ್ಟು ಬಂದಿದ್ದೇವೆ. ಒಂದು ಸಂದೇಹ ಉಳಿದಿದೆ: ಅಮ್ಮನಿಗೆ ಮಳೆಗಾಲದಲ್ಲಿ ಒಣಕೆಮ್ಮು ಬರುತ್ತದೆ, ಮೊಣಕಾಲು ನೋವೂ ಇದೆ. ಮನೆಯಲ್ಲಿರುವ ಔಷಧಗಳನ್ನು ಕೊಡಬಹುದೇ?

ಉತ್ತರ 1 (ಪುಣೆ)

ವೈದ್ಯರ ತಿದ್ದುಪಡಿಯನ್ನು ಒಪ್ಪಿಕೊಂಡಿದ್ದೇನೆ. ಕೆಮ್ಮಿನ ಸಿರಪ್ಪಿನ ಮೇಲೆ ಡೆಕ್ಸ್ಟ್ರೊಮೆಥಾರ್ಫನ್ ಎಂದೂ, ನೋವಿನ ಮಾತ್ರೆಯ ಮೇಲೆ ಟ್ರಾಮಡಾಲ್ ಎಂದೂ ಇದ್ದರೆ ಬದಿಗಿಡಿ. ಇವೆರಡೂ ಸೆರೊಟೋನಿನ್ನನ್ನು ಇನ್ನಷ್ಟು ಏರಿಸುವುದರಿಂದ ನಡುಕ, ವಿಪರೀತ ಬೆವರು, ಜ್ವರ, ಸ್ನಾಯುಗಳ ಸೆಟೆತ ಬರಬಹುದು. ಹಾಗಾದರೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ, ಆಸ್ಪಿರಿನ್ ಈಗಾಗಲೇ ಇದೆ. ಮೊಣಕಾಲಿಗೆ ಸದ್ಯ ಪ್ಯಾರಸಿಟಮಾಲ್ ಸಾಕೇ ಎಂದು ವರದಿ ತೋರಿಸುವಾಗ ಕೇಳಿಕೊಂಡು ಬನ್ನಿ.