ಕ್ರೆಖ್ಟ್ಸ್‌ಗೆ ‘ಬಿಕ್ಕು’ ಅನ್ನಬಹುದಾ?

ಗೆಳೆಯರೇ,

ಪೂರ್ವ ಯುರೋಪಿನ ಯಹೂದಿಗಳ ಮದುವೆ ಸಂಗೀತ ಕ್ಲೆಜ್ಮರ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಿಡ್ಡಿಷ್ (ಆ ಯಹೂದಿಗಳ ಮಾತು) ಭಾಷೆಯ ಹಳೆಯ ಹಾಡುಗಳನ್ನು ಎಲೆಕ್ಟ್ರಾನಿಕ್ ಸದ್ದಿನ ಜೊತೆ ವೇದಿಕೆಯಲ್ಲೇ ಬೆರೆಸುವವರ ಕತೆ ಅದು. ಕ್ಲಾರಿನೆಟ್‌ಗೆ ಡೇವಿಡ್ ಕ್ರಾಕವರ್, ಸ್ಯಾಂಪ್ಲರ್‌ಗೆ (ಮುದ್ರಿಸಿದ ಸದ್ದಿನ ಚೂರುಗಳನ್ನು ಬೇಕಾದಂತೆ ಮತ್ತೆ ನುಡಿಸುವ ಯಂತ್ರ) ಮಾಂಟ್ರಿಯಲ್‌ನ ಸೋಕಾಲ್ಡ್ (ಹೆಸರೇ ಹಾಗೆ, ಅದನ್ನೂ ಅನುವಾದ ಮಾಡಬೇಡಿ ಮಾರಾಯ್ರೆ). ಪೋಲೆಂಡಿನ ಕ್ರಾಕೋವ್‌ನಲ್ಲಿ ಇವರು ನುಡಿಸಿದ ಕಛೇರಿಯ ಧ್ವನಿಮುದ್ರಣ 2003ರಲ್ಲಿ ಬಂತು.

ನಾನು ಸಿಕ್ಕಿಬಿದ್ದಿರುವುದು ‘ಕ್ರೆಖ್ಟ್ಸ್’ ಎಂಬ ಪದದಲ್ಲಿ. ಯಿಡ್ಡಿಷ್‌ನಲ್ಲಿ ಹಾಗೆಂದರೆ ನರಳು. ಸಂಗೀತದಲ್ಲಿ, ಗಂಟಲು ಕಟ್ಟಿದ ಹಾಗೆ ಸ್ವರ ಚಕ್ಕನೆ ಮುರಿಯುವುದು. ಹಾಡುಗಾರರ ಈ ಪಲುಕನ್ನು ಪಿಟೀಲು, ಕ್ಲಾರಿನೆಟ್‌ನಲ್ಲೂ ನುಡಿಸುತ್ತಾರೆ.

ಮೊದಲು ‘ಗಮಕ’ ಅಂತ ಬರೆದೆ. ಸರಿ ಕಾಣಲಿಲ್ಲ. ಗಮಕ ಅಂದರೆ ನಮ್ಮ ಕಿವಿಗೆ ಸ್ವರ ತೂಗಬೇಕು, ಜಾರಬೇಕು. ಇಲ್ಲಿ ಅದು ತುಂಡಾಗುತ್ತದೆ. ಸಾಲದ್ದಕ್ಕೆ ಗಮಕ ಅಂದ ಕೂಡಲೇ ಅರ್ಧ ಓದುಗರಿಗೆ ಕುಮಾರವ್ಯಾಸ ನೆನಪಾಗುತ್ತಾನೆ! ‘ನರಳು’ ಅರ್ಥಕ್ಕೆ ಹತ್ತಿರ, ಆದರೆ ಅದು ಉದ್ದನೆಯ ಸದ್ದು, ಜ್ವರದ ಹಾಸಿಗೆಯದ್ದು.

ಹಾಗಾಗಿ ‘ಬಿಕ್ಕು’. ಬಿಕ್ಕಿ ಬಿಕ್ಕಿ ಅಳುವಾಗ ಇದೇ ತುಂಡು ಉಸಿರು ಇರುತ್ತದೆ, ಅಲ್ವಾ? ಇನ್ನೊಂದು ಅನುಕೂಲವೂ ಇದೆ. ಸ್ಯಾಂಪ್ಲರ್‌ನಲ್ಲಿ ಆ ಮುರಿದ ಚೂರನ್ನಷ್ಟೇ ಕತ್ತರಿಸಿ ಮತ್ತೆ ಮತ್ತೆ ತಿರುಗಿಸಿದರೆ ಅಳು ಹೋಗಿ ತಾಳ ಉಳಿಯುತ್ತದೆ. ಗಂಟಲೂ ಬಿಕ್ಕುತ್ತದೆ, ಯಂತ್ರವೂ ಬಿಕ್ಕುತ್ತದೆ. ಕ್ಲೆಜ್ಮರ್ ಎಂಬ ಪದವೇ ಹೀಬ್ರೂವಿನ ‘ಕ್ಲೀ’ (ಪಾತ್ರೆ, ಸಲಕರಣೆ), ‘ಜೆಮೆರ್’ (ಹಾಡು) ಸೇರಿ ಆದದ್ದು. ಆ ಲೆಕ್ಕದಲ್ಲಿ ಸ್ಯಾಂಪ್ಲರ್ ಕೂಡ ಹಾಡಿನ ಸಲಕರಣೆಯೇ ತಾನೆ.

ಆದರೆ ಎರಡು ಅನುಮಾನ. ಮದುವೆಯ ಕುಣಿತದ ಹಾಡಿನಲ್ಲೂ ಕ್ರೆಖ್ಟ್ಸ್ ಬರುತ್ತದೆ, ಅಲ್ಲಿ ‘ಬಿಕ್ಕು’ ಅಂದರೆ ಸುಮ್ನೆ ಅಳು ತುರುಕಿದಂತಾಗುತ್ತದಾ? ಎರಡನೆಯದು, ಬಿಕ್ಕಳಿಕೆ. ಕರಡು ಓದಿದ ಅಮ್ಮ, “ಪಾಪ, ಅವನಿಗೆ ಯಾರಾದ್ರೂ ನೀರು ಕೊಡಬಾರದಾ?” ಅಂದರು.

ಅಂದಹಾಗೆ, ಇಂಥ ಸಂಗೀತವನ್ನು ‘ಪ್ರಾಯೋಗಿಕ ಸಂಗೀತ’ ಅಂತ ಬರೆಯುವುದನ್ನು ಬಿಟ್ಟಿದ್ದೇನೆ. ಪಿಯುಸಿ ಪ್ರಾಯೋಗಿಕ ಪರೀಕ್ಷೆ ನೆನಪಾಗುತ್ತದೆ. ಸದ್ಯಕ್ಕೆ ‘ಪ್ರಯೋಗಶೀಲ’ ಅಂತಿಟ್ಟಿದ್ದೇನೆ, ಅದೂ ಜಾಸ್ತಿ ಇಷ್ಟವಿಲ್ಲ.

ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಹೆಂಗಸರ ದನಿ ನಡುನಡುವೆ ಹೀಗೇ ಮುರಿಯುತ್ತದೆ. ನಿಮ್ಮ ಕಡೆ ಅದಕ್ಕೆ, ಅಥವಾ ಕಂಪನಿ ನಾಟಕದ ಹಾಡುಗಾರರಲ್ಲಿ, ಬೇರೆ ಮಾತೇನಾದರೂ ಇದೆಯಾ?