ಸಹಾಯ ಬೇಕು: ಕೌಟುಂಬಿಕ ದೌರ್ಜನ್ಯದ ಕೇಸ್ ನೋಡುವವರಿಗೆ ಒಳ್ಳೆಯ ತರಬೇತಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕಿನ ಸಾಂತ್ವನ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ನಮೂನೆ 1ರಲ್ಲಿ ಡಿಐಆರ್ (ಕೌಟುಂಬಿಕ ಘಟನೆಯ ವರದಿ) ಬರೆಯುವುದು, ಇದೆಲ್ಲ ಅಭ್ಯಾಸವಾಗಿದೆ. ಕಷ್ಟ ಬರುವುದು ನೊಂದ ಹೆಣ್ಣುಮಗಳನ್ನು ಮಾತಾಡಿಸುವಾಗ. ಗಂಡ, ಅತ್ತೆ ಬಾಗಿಲಲ್ಲೇ ನಿಂತಿರುತ್ತಾರೆ. ಆಕೆ ಸೆರಗಿನ ತುದಿ ಸುತ್ತುತ್ತಾ 'ಏನಿಲ್ಲ ಮೇಡಂ, ಬಚ್ಚಲಲ್ಲಿ ಜಾರಿ ಬಿದ್ದೆ' ಅನ್ನುತ್ತಾರೆ. ಆಗ ಮೊದಲು ಏನು ಕೇಳಬೇಕು? ಕತ್ತು ಹಿಸುಕಿದ್ದರೆ ಜೀವಕ್ಕೇ ಅಪಾಯ, ಅದನ್ನು ಹೆದರಿಸದೆ ಕೇಳುವುದು ಹೇಗೆ? ವಾಪಸ್ ಅದೇ ಮನೆಗೆ ಹೋಗುತ್ತೇನೆ ಅಂದರೆ ಏನೇನು ತಯಾರಿ ಹೇಳಿಕೊಡಬೇಕು?

ನಮಗೆ ಸಿಗುವ ತರಬೇತಿಯಲ್ಲಿ ಸುಮ್ನೆ ಸೆಕ್ಷನ್ ಓದಿಸುವುದೇ ಜಾಸ್ತಿ. ಕನ್ನಡದಲ್ಲಿ, ಕೇಸ್ ಇಟ್ಟುಕೊಂಡು ಮಾತಾಡಿಸಿ ಕಲಿಸುವವರು ಗೊತ್ತಿದ್ದರೆ ತಿಳಿಸಿ. ನಿಮ್ಹಾನ್ಸ್‌ನಲ್ಲಿ ಕಲಿತವರಿದ್ದರೂ ಸರಿ. ರಾಜಿ ಮಾಡಿಸುವುದೇ ಕೌನ್ಸೆಲಿಂಗ್ ಅನ್ನುವವರು ಮಾತ್ರ ಬೇಡ, ಅಂಥವರು ಇಲ್ಲೇ ಬೇಕಾದಷ್ಟಿದ್ದಾರೆ!