ಅಪ್‌ಡೇಟ್: ಯಮಹಾ ಆರ್‌ಎಕ್ಸ್ 100 ಬೈಕ್ ಕ್ಲಚ್ ಕವರ್ ಸ್ಕ್ರೂ ಕೊನೆಗೂ ಬಂತು

ಕ್ಲಚ್ ಕವರ್‌ದು ಕೆಳಗಿನ ಸ್ಕ್ರೂ ಜಾಮ್ ಆಗಿ ಪ್ಲಸ್ ತಲೆ ಪೂರ್ತಿ ಸವೆದೋಗಿದೆ ಏನ್ಮಾಡ್ಲಿ ಅಂತ ಕೇಳಿದ್ನಲ್ಲ, ಬಂತು ಗುರು! ರಸ್ಟ್ ಸ್ಪ್ರೇ ಹೊಡೆದು ರಾತ್ರಿಯೆಲ್ಲಾ ಬಿಟ್ಟು, ಹಾಟ್ ಏರ್ ಗನ್‌ನಲ್ಲಿ ಸುತ್ತ ಕಾಯಿಸಿ (ಸುತ್ತಲಿನ ಅಲ್ಯೂಮಿನಿಯಂ ಸ್ಟೀಲ್ ಸ್ಕ್ರೂಗಿಂತ ಹೆಚ್ಚುಕಮ್ಮಿ ಡಬಲ್ ಹಿಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ) ಇಂಪ್ಯಾಕ್ಟ್ ಡ್ರೈವರ್ (ಏಟು ಬಿದ್ರೆ ತಿರುಗೋ ಸ್ಕ್ರೂಡ್ರೈವರ್) ಇಟ್ಟು ಸುತ್ತಿಗೇಲಿ ಕುಟ್ಟಿದ್ರೂ ಬಿಟ್ ಜಾರ್ತಾನೇ ಇತ್ತು, ಹಿಡ್ಕೊಳ್ಳೋಕೆ ತಲೇಲಿ ಏನೂ ಉಳ್ದಿರ್ಲಿಲ್ಲ. ಆಮೇಲೆ ನಿಮ್ಮಲ್ಲೊಬ್ರು ಹೇಳ್ದಂಗೆ ಎಕ್ಸ್‌ಟ್ರ್ಯಾಕ್ಟರ್ ಸಹವಾಸ ಬಿಟ್ಟು (ಸ್ಕ್ರೂಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸೋ ಗಟ್ಟಿ ಟೂಲ್, ಅದು ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್‌ಗೆ ಜಗ್ಗಲ್ಲ) 6 ಎಂಎಂ ಬಿಟ್‌ನಲ್ಲಿ ತಲೆ ಮಾತ್ರ ಹಾರಿಸ್ದೆ. ಕವರ್ ಈಚೆ ಬಂದ್ಮೇಲೆ ಉಳಿದ ತುಂಡು ವೈಸ್ ಗ್ರಿಪ್‌ಗೆ (ಲಾಕ್ ಆಗೋ ಇಕ್ಕಳ) ಸಿಕ್ತು, ಬಿಗಿತ ಹೋಗಿತ್ತಲ್ಲ, ಆರಾಮಾಗಿ ತಿರುಗ್ಕೊಂಡ್ ಬಂದ್ಬಿಡ್ತು. ಈಗ ಎಲ್ಲಾ ಕಡೆ ಎಂ6 ಅಲೆನ್ ಬೋಲ್ಟ್, ಥ್ರೆಡ್‌ಗೆ ಸ್ವಲ್ಪ ಆಂಟಿ ಸೀಜ್ (ಮತ್ತೆ ಜಾಮ್ ಆಗದಂಗೆ ಹಚ್ಚೋ ಪೇಸ್ಟ್). ಹೊಸ ಗ್ಯಾಸ್ಕೆಟ್ ಹುಡುಕ್ತಿದೀನಿ.